ಕ್ಲಚ್ ಕೆಡಿಸಿದವನ ಕೂಡ ಮಾತಿಲ್ಲ

ಶ್ರೀ ವಿರೂಪಾಕ್ಷ ಪ್ರಸನ್ನ
ಎಮ್ಮಿಗನೂರು
12-11-2024

ಲಿಂಗರಾಜನಿಗೆ,

ನಿನ್ನ ಅಕ್ಕ ಸಂಗಮ್ಮ ಬರೆಯುವುದು. ಕ್ಷೇಮ ಕೇಳುವುದಕ್ಕೆ ಬರೆದಿಲ್ಲ, ನಮ್ಮ ಕ್ಷೇಮ ಹೇಳುವುದಕ್ಕೂ ಅಲ್ಲ. ನೀನು ಫೋನು ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಯಾಕೆಂದು ತಿಳಿಯಲಿ ಅಂತ ಈ ಕಾಗದ.

ನಿನ್ನೆ ಕಾರ್ತಿಕ ಸೋಮವಾರ ಹಂಪಿಗೆ ಹೋಗಿ, ವಿರೂಪಾಕ್ಷನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿ ಬಂದಿದ್ದೇನೆ. ನನ್ನ ಮಗಳ ಗಾಡಿಯ ಕ್ಲಚ್ ಕೆಡಿಸಿದವನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ತನಕ ಅವನ ಕೂಡ ಬಾಯಿಬಿಟ್ಟು ಮಾತಾಡುವುದಿಲ್ಲ ಅಂತ. ಹೆಸರು ಹೇಳಲಿಲ್ಲ. ದೇವರಿಗೆ ಹೆಸರು ಹೇಳಿಕೊಡಬೇಕೆ? ಕರ್ಪೂರದ ತಟ್ಟೆ ಹಿಡಿದಿದ್ದವರು ನಿನ್ನ ಭಾವ. ನನ್ನ ಮಾತು ಮುಗಿಯುತ್ತಲೇ ತಟ್ಟೆಯನ್ನು ಪೂಜಾರಿಯ ಕೈಗೆ ಕೊಟ್ಟು, ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದರು. ಮಗಳ ಮೇಲೆ ಅಷ್ಟು ಜೀವ ಅವರಿಗೆ.

ಆಣೆ ನಾಲಿಗೆಗೆ ಮಾತ್ರ, ಕೈಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿಗೆ ಮೊದಲು ಪೂಜಿತಾ ತನ್ನ ಆ ದೊಡ್ಡ ಬೈಕನ್ನು ನಿನ್ನ ಗ್ಯಾರೇಜಿಗೆ ಬಿಟ್ಟಳು. ಅದರ ಕ್ಲಚ್ಚಿಗೆ ತಂತಿ ಇಲ್ಲವಂತೆ, ಎಣ್ಣೆಯ ಒತ್ತಡದಿಂದಲೇ ನಡೆಯುತ್ತದಂತೆ. "ಇದನ್ನ ಬಿಚ್ಚಾಕ ಹೊಸಪ್ಯಾಟ್ಯಾಗ ಮಾಮ ಒಬ್ಬನ ಗತಿ ಬೇ" ಅಂತ ಎಷ್ಟು ಹೆಮ್ಮೆಪಟ್ಟಿದ್ದಳು! ನೀನು ಎಣ್ಣೆ ಬದಲಿಸಿ ಕೊಟ್ಟೆ. ಅಮಾವಾಸ್ಯೆ ಪೂಜೆಗೆ ಗಾಡಿ ನಮ್ಮ ಅಂಗಳಕ್ಕೆ ಬಂತು. ನಮ್ಮ ಕಡೆಯಿಂದ ಏನು ಲೋಪವಾಯಿತು? ಪೂಜೆಯ ದಿನ ಯಾವ ಗಾಡಿಯಲ್ಲೂ ಏನೂ ಕಮ್ಮಿ ಇರಬಾರದು ಅನ್ನುವುದು ಈ ಮನೆಯ ಪದ್ಧತಿ. ಟ್ರ್ಯಾಕ್ಟರಿಗೂ ಅವಳ ಗಾಡಿಗೂ ಎಲ್ಲ ತುಂಬಿಸಿ, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಕಳಿಸಿದೆವು.

ಆಮೇಲೆ ಒಂದು ವಾರ ಓಡಿಸಿರಬಹುದು. ಸಂಡೂರಿನ ಇಳಿಜಾರಿನಲ್ಲಿ ಮುಂದಿದ್ದ ಬಸ್ಸು ನಿಂತಿತು. ಇವಳು ಬ್ರೇಕೂ ಹಿಡಿದಳು, ಕ್ಲಚ್ಚೂ ಹಿಡಿದಳು. ಹಿಡಿಕೆ ಮೆತ್ತಗೆ ಒಳಗೆ ಹೋಗಿ ಅಲ್ಲೇ ಉಳಿಯಿತು, ಕ್ಲಚ್ಚು ಕೆಲಸ ಮಾಡಲಿಲ್ಲ, ಎಂಜಿನ್ನು ಗಾಡಿಯನ್ನು ಮುಂದಕ್ಕೆ ನೂಕುವುದನ್ನು ಬಿಡಲಿಲ್ಲ. ಬಸ್ಸಿನ ಬೆನ್ನಿಗೆ ಬಡಿದಳು. ಎಡಗೈಗೆ ರಾಡು ಹಾಕಿದ್ದಾರೆ. ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುವುದನ್ನು ಕಲಿಯುತ್ತಿದ್ದ ಹುಡುಗಿ, ಈಗ ಜಡೆ ಹಾಕಿಕೊಳ್ಳುವುದಕ್ಕೂ ನನ್ನನ್ನು ಕರೆಯುತ್ತಾಳೆ.

ನಿನ್ನ ಮಗ ಮಲ್ಲೇಶನಿಗೆ ನೀನು ಇವಳನ್ನು ಹೆಣ್ಣು ಕೇಳಿದ್ದೆ. ಇವಳು ಒಲ್ಲೆ ಅಂದಳು. ಆವತ್ತು ನಮ್ಮ ಕಟ್ಟೆಯ ಮೇಲೆ ಕುಂತು ನೀನು ಆಡಿದ ಮಾತು ನನಗೆ ಮರೆತಿಲ್ಲ: "ಬ್ಯಾಡ ಅಂತಾಳೇನು? ಅನ್ಲಿ ಬಿಡಕ್ಕ. ಒಂದಿನ ನನ್ನ ಬಾಗಲಿಗೇ ಬರ್ತಾಳ." ಬಂದಳಲ್ಲ. ಸೇಡು ತೀರಿಸಿಕೊಂಡೆಯಲ್ಲ. ಬಿದ್ದ ಗಾಡಿಯನ್ನು ಅವತ್ತೇ ಮಲ್ಲೇಶ ಟೆಂಪೋದಲ್ಲಿ ಹೇರಿಕೊಂಡು ಹೋದದ್ದೂ ಯಾಕೆಂದು ನನಗೆ ತಿಳಿಯುತ್ತದೆ.

ಕಂಪ್ಲಿ, ಎಮ್ಮಿಗನೂರಿನಿಂದ ಇನ್ನು ಒಂದು ಗಾಡಿಯೂ ನಿನ್ನ ಬಾಗಿಲಿಗೆ ಬರದಂತೆ ನೋಡಿಕೊಳ್ಳುತ್ತೇನೆ.

ಸಂಗಮ್ಮ


ಹೊಸಪೇಟೆ
16-11-2024

ಅಕ್ಕನಿಗೆ ಲಿಂಗರಾಜನ ನಮಸ್ಕಾರ.

ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಗಿತ್ತು. ಬೈಗುಳವೂ ಅಷ್ಟೇ ಗುಂಡಗೆ ಬರೆಯುತ್ತೀ. ಬೈ, ನೀನು ದೊಡ್ಡವಳು. ಆದರೆ ಬೈದು ಮುಗಿದ ಮೇಲೆ ಸ್ವಲ್ಪ ಕೇಳು.

ಗಾಡಿ ತಂದದ್ದು ಮುಚ್ಚಿಡುವುದಕ್ಕಲ್ಲ, ಯಾಕೆ ಹಾಗಾಯಿತು ಅಂತ ನೋಡುವುದಕ್ಕೆ. ಇಂಥ ಕ್ಲಚ್ಚಿನಲ್ಲಿ ಹಿಡಿಕೆ ಮೆತ್ತಗಾದರೆ ಒಳಗೆ ಗಾಳಿ ಸೇರಿದೆ ಅಂತ ಮೊದಲ ಅನುಮಾನ. ಗಾಳಿ ಬಿಡುವ ಕೆಳಗಿನ ನಿಪ್ಪಲ್ಲಿಗೆ ಪೈಪು ಹಾಕಿ ಎಣ್ಣೆ ಹರಿಸಿ ನೋಡಿದೆ. ಒಂದು ಗುಳ್ಳೆಯೂ ಬರಲಿಲ್ಲ. ಎಲ್ಲಾದರೂ ಸೋರಿದೆಯೇ ಅಂತ ಎಂಜಿನ್ನಿನ ಕೆಳಗೆ ಬಟ್ಟೆಯಿಂದ ಒರೆಸಿ ನೋಡಿದೆ. ಒಣಗಿತ್ತು. ಆಮೇಲೆ ಹ್ಯಾಂಡಲ್ಲಿನ ಮೇಲಿನ ಚಿಕ್ಕ ಡಬ್ಬಿಯ ಮುಚ್ಚಳ ತೆಗೆದೆ. ನಾನು ಗೆರೆಯ ತನಕ ಮಾತ್ರ ಹಾಕಿ ಕೊಟ್ಟಿದ್ದೆ. ಈಗ ಕಂಠಪೂರ್ತಿ ಇತ್ತು.

ಅದನ್ನು ಗಾಜಿನ ಬಾಟಲಿಗೆ ಇಳಿಸಿ ಇಟ್ಟೆ. ಹೊತ್ತಾದ ಮೇಲೆ ನೋಡಿದರೆ ನೀರಿನ ಮೇಲೆ ಎಣ್ಣೆ ನಿಂತ ಹಾಗೆ ಎರಡು ಪದರ. ಕೆಳಗಿರುವುದು ನಾನು ಹಾಕಿದ ಬ್ರೇಕ್ ಎಣ್ಣೆ, ಈ ಕ್ಲಚ್ಚಿಗೂ ಅದನ್ನೇ ಹಾಕುವುದು. ಮೇಲಿನದು ನನ್ನದಲ್ಲ. ಹಿಡಿಕೆಯ ಒಳಗಿನ ರಬ್ಬರ್ ವಾಷರ್ ಊದಿಕೊಂಡು ಸಿಕ್ಕಿಬಿದ್ದಿದೆ. ಬ್ರೇಕ್ ಎಣ್ಣೆಗೆ ಮಾಡಿದ ರಬ್ಬರಿಗೆ ಬೇರೆ ಎಣ್ಣೆ ತಾಗಿದರೆ ಹಾಗೆ ಊದುತ್ತದೆ. ಒಂದೇ ದಿನಕ್ಕಲ್ಲ, ಕೆಲವು ದಿನ ಹಿಡಿಯುತ್ತದೆ.

ಎರಡು ಪ್ರಶ್ನೆ ಕೇಳುತ್ತೇನೆ. ಗಾಡಿ ನಿಮ್ಮ ಅಂಗಳದಲ್ಲಿದ್ದಾಗ ಆ ಡಬ್ಬಿಯನ್ನು ಯಾರಾದರೂ ತೆಗೆದಿದ್ದರೇ? ನಿಮ್ಮ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ನೇಗಿಲೆತ್ತುವ ಲಿಫ್ಟಿಗೆ ಹಾಕುವ ಎಣ್ಣೆ ಇದೆಯೇ? ಭಾವನನ್ನೂ ಒಂದು ಮಾತು ಕೇಳಿ ಬರಿ.

ನಿನ್ನ ತಮ್ಮ,
ಲಿಂಗರಾಜ


ಶ್ರೀ ವಿರೂಪಾಕ್ಷ ಪ್ರಸನ್ನ
ಎಮ್ಮಿಗನೂರು
19-11-2024

ಲಿಂಗರಾಜನಿಗೆ,

ಉತ್ತರ ಕೇಳಿದರೆ ಪ್ರಶ್ನೆ ಕಳಿಸಿದ್ದೀಯ. ಕಳ್ಳನ ಮನೆಗೆ ಹೋದರೆ ಅವನೇ "ನಿಮ್ಮ ಬಾಗಿಲು ಯಾರು ತೆಗೆದಿಟ್ಟಿದ್ದರು" ಅಂತ ಕೇಳಿದ ಹಾಗಾಯಿತು. ಎಮ್ಮಿಗನೂರಿನಲ್ಲಿ ಯಾರ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಎಣ್ಣೆ ಇಲ್ಲ? ನಾಳೆ ನಮ್ಮ ಹಿತ್ತಲಲ್ಲಿ ನೀರಿದೆಯೇ ಅಂತಲೂ ಕೇಳುತ್ತೀಯ.

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಊಟ ಮಾಡುತ್ತಿದ್ದವರು ಅರ್ಧಕ್ಕೇ ಕೈ ತೊಳೆದರು. "ಅವನ ಸುದ್ದಿ ನನ್ನ ಮುಂದ ತರಬ್ಯಾಡ" ಅಂದರು. ಬೆಳಿಗ್ಗೆ ಎದ್ದು ಹೊಸಪೇಟೆಯಲ್ಲಿ ಬೀಜದ ಕೆಲಸವಿದೆ ಅಂತ ಹೋಗಿದ್ದಾರೆ. ನಿನ್ನ ಗ್ಯಾರೇಜಿನ ದಾರಿಯನ್ನೂ ತುಳಿಯಲಾರರು.

ನನಗೆ ನಿನ್ನ ಪದರ, ವಾಷರು ಬೇಡ. ಈ ಸೋಮವಾರ ಕಾರ್ತಿಕದ ಕಡೇ ಸೋಮವಾರ. ಹಂಪಿಗೆ ಬಾ. ನಾನು ಕೆಡಿಸಿಲ್ಲ, ಯಾರು ಕೆಡಿಸಿದರೋ ನನಗೆ ಗೊತ್ತಿಲ್ಲ ಅಂತ ಎರಡು ಮಾತು ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸು. ಸುಳ್ಳು ಹೇಳಿ ಆರಿಸಿದವನ ಮನೆಯಲ್ಲಿ ದೀಪ ಉಳಿಯುವುದಿಲ್ಲ. ನೀನೂ ನಾನೂ ಒಬ್ಬಳೇ ತಾಯಿಯ ಬಾಯಿಂದ ಕೇಳಿದ ಮಾತು ಇದು. ಧೈರ್ಯವಿದ್ದರೆ ಬಾ.

ಸಂಗಮ್ಮ


ಹೊಸಪೇಟೆ
22-11-2024

ಅಕ್ಕನಿಗೆ,

ಬರುತ್ತೇನೆ.

ನಾನು ಕೇಳಿದ್ದ ಆ ಎರಡು ಪ್ರಶ್ನೆಯನ್ನು ಬಿಟ್ಟುಬಿಡು. ಅದೇನು ದೊಡ್ಡ ಮಾತಲ್ಲ. ಪೂಜಿತಾಳ ಕೈಬೆರಳು ಆಡುತ್ತವೆಯೇ? ಅಷ್ಟು ತಿಳಿಸು.

ಲಿಂಗರಾಜ


ಶ್ರೀ ವಿರೂಪಾಕ್ಷ ಪ್ರಸನ್ನ
ಎಮ್ಮಿಗನೂರು
27-11-2024

ಲಿಂಗರಾಜನಿಗೆ,

ಸೋಮವಾರ ನಡೆದದ್ದನ್ನು ನೀನು ಮರೆಯಬಹುದು. ನಾನು ಮರೆಯಬಾರದು ಅಂತ ಬರೆದಿಡುತ್ತೇನೆ.

ನಿನ್ನ ಕೂಡ ಮಾತಾಡುವಂತಿಲ್ಲವಾದ್ದರಿಂದ ನಿನ್ನ ಭಾವನನ್ನು ನಡುವೆ ನಿಲ್ಲಿಸಿಕೊಂಡೆ. "ರೀ, ಅವಗ ಕೇಳ್ರಿ, ಕೆಡಿಸಿಲ್ಲ ಅಂತ ಆಣಿ ಮಾಡ್ತಾನೇನು?" ಅಂದೆ. ಅವರು ನಿನ್ನ ಮುಖ ನೋಡದೆ, "ಮಾಡ್ತೀಯೇನಪ್ಪ ಅಂತಾಳ" ಅಂದರು. ಪೂಜಾರಿ ನಕ್ಕುಬಿಟ್ಟ: "ಏನವ್ವಾ, ಎರಡು ಮೊಳ ದೂರದಾಗ ನಿಂತೀರಿ, ನಡುವ ಒಬ್ಬ ವಕೀಲ್ರು ಬೇಕಾ ನಿಮಗ?"

ನೀನು ಕೈ ಚಾಚಿದೆ. "ನಾ ಕೆಡಿಸಿಲ್ಲ" ಅಂದೆ, ಕರ್ಪೂರ ಆರಿಸಿದೆ. ಹಿಂದೆಮುಂದೆ ನೋಡಲಿಲ್ಲ. ಅದನ್ನು ನಾನು ಒಪ್ಪುತ್ತೇನೆ. ಪೂಜಾರಿ ಮತ್ತೆ ಹಚ್ಚಿದ.

"ಯಾರು ಕೆಡಿಸ್ಯಾರ ಗೊತ್ತಿಲ್ಲ ಅಂತ ಅನಸ್ರಿ ಈಗ" ಅಂದೆ.

ನೀನು ನನ್ನನ್ನು ನೋಡಿದೆ, ನಿನ್ನ ಭಾವನನ್ನು ನೋಡಿದೆ. "ಅದೊಂದು ಅನ್ನಲ್ಲಕ್ಕ" ಅಂದೆ. ಕರ್ಪೂರ ತಾನೇ ಉರಿದು ಮುಗಿಯಿತು. ನಿನ್ನ ಭಾವ, "ಸಾಕು ನಡಿ, ಕಂಪ್ಲಿ ಬಸ್ ಹೋಗ್ತೈತಿ" ಅಂತ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಅವರ ಮನಸ್ಸು ಮೃದು. ನನ್ನದಲ್ಲ.

ಬಸ್ಸಿನಲ್ಲಿ ಕುಂತು ಲೆಕ್ಕ ಹಾಕಿದೆ. ನೀನು ಕೆಡಿಸಿಲ್ಲ. ಆದರೆ ಯಾರು ಅಂತ ನಿನಗೆ ಗೊತ್ತಿದೆ. ದೇವರ ಮುಂದೆಯೂ ಹೇಳಲಾರೆ. ಒಬ್ಬ ಮನುಷ್ಯ ಅಷ್ಟು ಕಾಯುವುದು ಯಾರನ್ನು? ಹೆತ್ತ ಮಗನನ್ನು. ಇವಳು ಬೇಡ ಅಂದದ್ದು ಮಲ್ಲೇಶನನ್ನು. ಗಾಡಿಯನ್ನು ನಿನ್ನ ಗ್ಯಾರೇಜಿನಲ್ಲಿ ಮುಟ್ಟುವವನು ಮಲ್ಲೇಶ. ಬಿದ್ದ ಮೇಲೆ ಹೇರಿಕೊಂಡು ಹೋದವನು ಮಲ್ಲೇಶ.

ಚೋರನೂರಿನ ಹಂಪಕ್ಕನ ಮಗಳು ಸೌಜನ್ಯಾಳನ್ನು ಅವನಿಗೆ ಗೊತ್ತು ಮಾಡಿದ್ದೀರಿ. ಹಂಪಕ್ಕನೂ ನಾನೂ ಒಂದೇ ಮಠದ ಭಕ್ತರು. ಬೇಡ ಅಂದ ಹುಡುಗಿಯ ಕೈ ಮುರಿಯುವ ಮನೆಗೆ ಹೆಣ್ಣು ಕೊಡುತ್ತೀಯಾ ಅಂತ ಅವಳಿಗೆ ಕಾಗದ ಹಾಕಿದ್ದೇನೆ. ನಿನ್ನೆಯೇ ಅಂಚೆ ಡಬ್ಬಿಗೆ ಬಿದ್ದಿದೆ.

ನನ್ನ ಮಗಳ ಕೈ ಮುರಿದವನ ಕೈಗೆ ಧಾರೆಯ ನೀರು ಬೀಳಬಾರದು.

ಸಂಗಮ್ಮ


ಹೊಸಪೇಟೆ
6-12-2024

ಸಂಗಮ್ಮನವರಿಗೆ,

ಚೋರನೂರಿನವರು ಬಂದು ಹೋದರು. ನಿಶ್ಚಯಕ್ಕೆ ಇಟ್ಟ ಸೀರೆಯನ್ನು ವಾಪಸ್ಸು ತಂದಿದ್ದರು. ಹಂಪಕ್ಕ ಒಳಗೂ ಬರಲಿಲ್ಲ, ನೀರೂ ಕುಡಿಯಲಿಲ್ಲ. ಮಲ್ಲೇಶ "ಅತ್ತಿ ಹಿಂಗ ಬರದಾಳಾ?" ಅಂತ ಒಂದೇ ಸಲ ಕೇಳಿದ. ಆಮೇಲೆ ಗ್ಯಾರೇಜಿಗೆ ಹೋಗಿ ನಿನ್ನ ಮಗಳ ಗಾಡಿಯ ಬಗ್ಗಿದ ಹ್ಯಾಂಡಲ್ ಸರಿ ಮಾಡುತ್ತಾ ಕುಂತ. ಅದನ್ನು ನೋಡಿ ನನಗೆ ನಿನ್ನನ್ನು ಅಕ್ಕ ಅಂತ ಬರೆಯಲು ಕೈ ಬರಲಿಲ್ಲ.

ನನ್ನನ್ನು ಬೈದೆ, ಕಂಪ್ಲಿಯ ಗಿರಾಕಿಗಳನ್ನು ತಿರುಗಿಸಿದೆ, ನಾನು ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ. ಆದರೆ ನಾನು ಒಬ್ಬರಿಗೆ ಮಾತು ಕೊಟ್ಟಿದ್ದೇನೆ, ಬಾಯಿಬಿಡಲಾರೆ. ವಾಷರ್ ಯಾರಿಗೂ ಮಾತು ಕೊಟ್ಟಿಲ್ಲ.

ಈ ಪೊಟ್ಟಣದಲ್ಲಿ ಎರಡು ಹೊಸ ವಾಷರ್ ಇವೆ. ಒಂದು ಚಿಕ್ಕ ಕೊಳವೆಯ ತುಂಡಿದೆ. ಎರಡು ವಾಷರೂ ಕೊಳವೆಯೊಳಗೆ ಸಲೀಸಾಗಿ ಹೋಗುತ್ತವೆ, ನೀನೇ ಹಾಕಿ ನೋಡು. ಒಂದು ಶೀಸೆಯಲ್ಲಿ ನಾನು ಉಪಯೋಗಿಸುವ ಬ್ರೇಕ್ ಎಣ್ಣೆ ಇದೆ. ಒಂದು ವಾಷರನ್ನು ಅದರಲ್ಲಿ ಹಾಕು. ಇನ್ನೊಂದನ್ನು ನಿನ್ನ ಶೆಡ್ಡಿನಲ್ಲಿರುವ ಟ್ರ್ಯಾಕ್ಟರ್ ಲಿಫ್ಟಿನ ಎಣ್ಣೆಯಲ್ಲಿ ಹಾಕು. ಕೆಲವು ದಿನ ಬಿಟ್ಟು ಎರಡನ್ನೂ ತೆಗೆದು ಕೊಳವೆಗೆ ಹಾಕು. ಆಮೇಲೆ ಯಾರ ಹತ್ತಿರ ಆಣೆ ಮಾಡಿಸಬೇಕೋ ಮಾಡಿಸು.

ಲಿಂಗರಾಜ


ಎಮ್ಮಿಗನೂರು
11-12-2024

ಲಿಂಗರಾಜನಿಗೆ,

ಪೊಟ್ಟಣ ಬಂತು. ತಿಪ್ಪೆಗೆ ಎಸೆದೆ.

ಸಂಗಮ್ಮ


ಶ್ರೀ ವಿರೂಪಾಕ್ಷ ಪ್ರಸನ್ನ
ಎಮ್ಮಿಗನೂರು
31-12-2024

ತಮ್ಮ ಲಿಂಗರಾಜನಿಗೆ,

ಎಸೆದಿರಲಿಲ್ಲ.

ನೀನು ಸುಳ್ಳ ಅಂತ ತೋರಿಸಿ, ಆ ವಾಷರುಗಳನ್ನು ನಿನ್ನ ಮುಖಕ್ಕೇ ಎಸೆಯಬೇಕು ಅಂತ ಇಟ್ಟುಕೊಂಡೆ. ಎರಡು ಉಪ್ಪಿನಕಾಯಿ ಶೀಸೆ ತೊಳೆದು, ನೀನು ಹೇಳಿದಂತೆಯೇ ಹಾಕಿ, ದೇವರ ಜಗಲಿಯ ಮೇಲೆ ಇಟ್ಟೆ. ಅಲ್ಲಿದ್ದರೆ ಯಾರೂ ಮುಟ್ಟುವುದಿಲ್ಲ, ದೇವರ ಕಣ್ಣೂ ಇರುತ್ತದೆ. ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ಎದ್ದಾಗಲೆಲ್ಲ ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಒಂದು ಬೆಳಿಗ್ಗೆ ನಿನ್ನ ಭಾವ ಚಹಾದ ಲೋಟ ಹಿಡಿದುಕೊಂಡು ಬಂದರು.

"ಏನಿದು, ದೇವ್ರ ಮುಂದ ಉಪ್ಪಿನಕಾಯಿ?"

"ಉಪ್ಪಿನಕಾಯಿ ಅಲ್ರಿ, ಪರೀಕ್ಷಾ. ನಮ್ಮ ಲಿಂಗರಾಜ ಸುಳ್ಳ ಅಂತ ತೋರ್ಸಾಕ."

ಬಗ್ಗಿ ನೋಡಿದರು. "ಇದರಾಗ ಯಾವ ಎಣ್ಣಿ?"

"ನಮ್ಮ ಶೆಡ್ಡಿಂದು. ಟ್ರ್ಯಾಕ್ಟರಿಂದು."

ಲೋಟವನ್ನು ಅಲ್ಲೇ ಹೊಸ್ತಿಲ ಮೇಲಿಟ್ಟು ಹೊರಗೆ ಹೋದರು. ಚಹಾ ಆರಿತು. ಹೊಸ್ತಿಲ ಮೇಲೆ ಎಂಜಲು ಲೋಟ ಇಡುವ ಮನುಷ್ಯರಲ್ಲ ಅವರು. ಮಾರನೆಯ ದಿನ ದನಕ್ಕೆ ಹುಲ್ಲು ತರಲು ಶೆಡ್ಡಿಗೆ ಹೋದರೆ ಎಣ್ಣೆಯ ಡಬ್ಬ ಇರಲಿಲ್ಲ. ಡಬ್ಬದ ಅಡಿಯ ದುಂಡನೆಯ ಕಲೆ ಮಾತ್ರ ನೆಲದಲ್ಲಿತ್ತು. ಲಿಂಗರಾಜ, ಆಗಲೂ ನನ್ನ ಬುದ್ಧಿ ನಿನ್ನ ಮೇಲೇ ಓಡಿತು. ಮಲ್ಲೇಶನೇ ಬಂದು ಕದ್ದುಕೊಂಡು ಹೋಗಿರಬೇಕು ಅಂದುಕೊಂಡೆ. ಸೇಡು ಕಣ್ಣಿಗೆ ಹೀಗೆ ಪೊರೆ ಕಟ್ಟುತ್ತದೆ.

ಇವತ್ತು ಬೆಳಿಗ್ಗೆ ಎರಡನ್ನೂ ತೆಗೆದು ಒರೆಸಿದೆ. ನಿನ್ನ ಎಣ್ಣೆಯದು ಕೊಳವೆಯೊಳಗೆ ಸಲೀಸಾಗಿ ಹೋಯಿತು. ನಮ್ಮದು ನೆನೆಹಾಕಿದ ಕಡಲೆಯಂತೆ ಉಬ್ಬಿ ಬಾಯಲ್ಲೇ ನಿಂತಿತು. ಹೆಬ್ಬೆರಳಿನಿಂದ ಒತ್ತಿದೆ. ಹೋಗಲಿಲ್ಲ. ಪೂಜಿತಾ ಹಾಸಿಗೆಯಿಂದ ಎದ್ದು ಬಂದು ನೋಡುತ್ತಾ ನಿಂತಳು. ತನ್ನ ಎಡಗೈಯನ್ನು ಎದೆಗೆ ಅವಚಿಕೊಂಡಳು.

ನಿನ್ನ ಭಾವ ಕಟ್ಟೆಯ ಮೇಲಿದ್ದರು. ಕೊಳವೆಯನ್ನು ಅವರ ಮುಂದಿಟ್ಟೆ.

"ರೀ, ಅಮಾಸಿ ದಿನ ಆಕೀ ಗಾಡಿ ಹ್ಯಾಂಡಲ್ ಮ್ಯಾಲಿನ ಡಬ್ಬಿಗೆ ಏನ ಹಾಕಿದ್ರಿ?"

"ಕಮ್ಮಿ ಕಾಣ್ತು" ಅಂದರು. "ಎಲ್ಲಾ ತುಂಬಸ್ರಿ ಅಂತ ನೀನ ಅಂದಿದ್ದಿ."

"ಲಿಂಗರಾಜಗ ಗೊತ್ತೈತೇನು?"

"ಹೊಸಪ್ಯಾಟಿಗೆ ಹೋಗಿ ಕಾಲು ಹಿಡಕೊಂಡೆ. ನಾನ ಹೇಳ್ತೀನಿ, ನೀ ಹೇಳಬ್ಯಾಡ ಅಂದೆ. ಹೇಳಾಕ ಆಗ್ಲಿಲ್ಲ."

ಬೀಜ ತರಲು ಹೋದವರು ಎಲ್ಲಿಗೆ ಹೋಗಿದ್ದರು ಅಂತ ಆಗ ತಿಳಿಯಿತು. ಎಣ್ಣೆ ಹಾಕಿದ್ದು ತಪ್ಪು ತಿಳಿವಳಿಕೆ. ಅದು ಯಾರಿಂದಲೂ ಆಗಬಹುದು. ನಾನೂ ಅಂಗಳದಲ್ಲಿ ನಿಂತು ತುಂಬಿಸಿ ಅಂದವಳೇ. ಆದರೆ ನಾನು ಆಣೆ ಮಾಡುವಾಗ ತಟ್ಟೆ ಹಿಡಿದಿದ್ದರಲ್ಲ! ಚೋರನೂರಿಗೆ ಬರೆದ ಕಾಗದವನ್ನು ಕಂಪ್ಲಿಗೆ ಒಯ್ದು ಡಬ್ಬಿಗೆ ಹಾಕಿ ಬಂದವರೂ ಅವರೇ. ಒಳಗೆ ಏನಿದೆ ಅಂತ ಗೊತ್ತಿದ್ದೂ ಹಾಕಿದರು. ತಮ್ಮ ತಲೆ ಉಳಿಸಿಕೊಳ್ಳಲು ಮಲ್ಲೇಶನ ಬಾಳನ್ನು ಡಬ್ಬಿಗೆ ಹಾಕಿ ಬಂದರು.

ಬೈಯುವುದಕ್ಕೆ ಬಾಯಿ ತೆರೆದೆ. ಊರು ಕೇಳುವ ಹಾಗೆ ಬೈಯಬೇಕು ಅಂತ ಉಸಿರು ಎಳೆದುಕೊಂಡಿದ್ದೆ. ಅಷ್ಟರಲ್ಲಿ ಹಂಪಿಯ ಆಣೆ ನೆನಪಾಯಿತು. ಹೆಸರು ಹೇಳದೆ ಮಾಡಿದ ಆಣೆ.

ಬಾಯಿ ಮುಚ್ಚಿಕೊಂಡೆ. ಇನ್ನೂ ತೆರೆದಿಲ್ಲ.

ಅಕ್ಕ


ಹೊಸಪೇಟೆ
4-1-2025

ಅಕ್ಕನಿಗೆ ನಮಸ್ಕಾರ.

ಓದಿದೆ. ಮಲ್ಲೇಶನಿಗೂ ಓದಿ ಹೇಳಿದೆ. "ಅಂದ್ರ ವಾಷರ್ ಬಾಯಿಬಿಡ್ತು ಅನ್ನು" ಅಂದ. ಆ ಸೀರೆ ಬಂದ ಮೇಲೆ ಅವನು ನಕ್ಕದ್ದು ಇದೇ ಮೊದಲು.

ಭಾವ ಗ್ಯಾರೇಜಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಕಾಲಿಗೆ ಬಗ್ಗಿದಾಗ ನಾನು ಮಾತು ಕೊಡದೆ ಏನು ಮಾಡಲಿ? ಅಕ್ಕನ ಗಂಡ ತಮ್ಮನ ಕಾಲು ಹಿಡಿಯಬಾರದು. ನಾಳೆಯೇ ಹೇಳುತ್ತಾರೆ, ನಾಡಿದ್ದು ಹೇಳುತ್ತಾರೆ ಅಂತ ಕಾದೆ. ಅವರನ್ನು ಬಹಳ ಬಾಧಿಸಬೇಡ.

ಆದರೆ ಒಂದು ಮಾತು ಬರೆಯದೆ ಇರಲಾರೆ. ಬೈದದ್ದನ್ನು ನಾನು ಮರೆತೇನು. ಚೋರನೂರಿನದನ್ನು ಮರೆಯಲಾರೆ. ಅದನ್ನು ಕೆಡಿಸಿದವರು ನೀವಿಬ್ಬರು. ನೀವಿಬ್ಬರೇ ಸರಿಮಾಡಬೇಕು.

ಪೂಜಿತಾಳ ಗಾಡಿ ಸಿದ್ಧವಾಗಿದೆ. ವಾಷರುಗಳೆಲ್ಲ ಹೊಸವು, ಎಣ್ಣೆ ಗೆರೆಯ ತನಕ ಮಾತ್ರ ಇದೆ. ಅವಳ ಕೈ ಗಟ್ಟಿಯಾದ ದಿನ ಬಂದು ತಗೊಂಡು ಹೋಗಲಿ.

ನಿನ್ನ ತಮ್ಮ,
ಲಿಂಗರಾಜ


ಶ್ರೀ ವಿರೂಪಾಕ್ಷ ಪ್ರಸನ್ನ
ಅಡುಗೆಮನೆ, ಎಮ್ಮಿಗನೂರು
7-1-2025

ಕಟ್ಟೆಯ ಮೇಲಿರುವ ಕೊಟ್ರಯ್ಯನವರಿಗೆ,

ಮದುವೆಯಾದಂದಿನಿಂದ ನಿಮ್ಮ ಹೆಸರನ್ನು ನಾನು ಬಾಯಲ್ಲಿ ತಂದವಳಲ್ಲ. ಈಗಲೂ ತಂದಿಲ್ಲ, ಬರೆದೆ. ಈ ಕಾಗದವನ್ನು ಪೂಜಿತಾ ತಂದು ಕೊಡುತ್ತಾಳೆ. ಅವಳನ್ನು ಅಳಿಸಬೇಡಿ.

"ಸಂಗಮ್ಮ, ಒಂದು ಮಾತಾಡು" ಅಂತ ಹೊಸ್ತಿಲಲ್ಲಿ ನಿಲ್ಲುತ್ತೀರಿ. ನಾನು ಆಣೆ ಮಾಡಿದ್ದನ್ನು ನಿಮ್ಮಷ್ಟು ಹತ್ತಿರದಿಂದ ಯಾರೂ ಕೇಳಿಲ್ಲ. ಗೊತ್ತಿಲ್ಲದೆ ಇಷ್ಟು ದಿನ ನಿಮ್ಮ ಕೂಡ ಮಾತಾಡಿ ದೇವರ ಮುಂದೆ ತಪ್ಪಿದ್ದೇನೆ. ಅದಕ್ಕೆ ಸೋಮವಾರ ಉಪವಾಸ ಹಿಡಿದಿದ್ದೇನೆ. ಮಾತಾಡಬೇಕಿದ್ದ ತಮ್ಮನ ಕೂಡ ಮಾತು ಬಿಟ್ಟಿದ್ದೆ. ಈವತ್ತು ಬೆಳಿಗ್ಗೆ ಅವನಿಗೆ ಫೋನು ಮಾಡಿದೆ. ಇಬ್ಬರಿಗೂ ಅಳು ಬಂತು, ಆಮೇಲೆ ಇಬ್ಬರೂ ಜಗಳವಾಡಿದೆವು. ಹಾಗಾಗಿ ಅವನಿಗೆ ಇನ್ನು ಕಾಗದ ಬರೆಯುವ ಕೆಲಸವಿಲ್ಲ. ಉಳಿದ ಹಾಳೆಗಳೆಲ್ಲ ನಿಮಗೇ.

ಈ ಗುರುವಾರ ಚೋರನೂರಿಗೆ ಹೋಗಬೇಕು. ಹಂಪಕ್ಕನ ಮನೆಯವರು, ಅವರ ಓಣಿಯ ಹಿರಿಯರು ಕುಂತಿರುತ್ತಾರೆ, ನಾನು ಹೇಳಿ ಕಳಿಸಿದ್ದೇನೆ. ಎಣ್ಣೆ ಹಾಕಿದವನು ನಾನು, ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವನು ನಾನು, ಮಲ್ಲೇಶ ಏನೂ ಮಾಡಿಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಬೇಕು. ಊದಿದ ವಾಷರನ್ನೂ ಕೊಳವೆಯನ್ನೂ ತೋರಿಸಬೇಕು. ನಾನೂ ಬರುತ್ತೇನೆ. ನಾನು ಬರೆದ ಮಾತನ್ನು ಹಂಪಕ್ಕನ ಮುಂದೆ ನಾನೇ ನುಂಗಬೇಕಲ್ಲ. ಬಸ್ಸಿನಲ್ಲಿ ನೀವು ಗಂಡಸರ ಕಡೆ ಕುಂದ್ರಿ.

ಅವರು ಹೆಣ್ಣು ಕೊಟ್ಟರೆ, ಕೊಡದೆ ಇದ್ದರೂ ಸರಿ, ನೀವು ಒಪ್ಪಿಕೊಂಡ ಗಳಿಗೆಗೆ ನನ್ನ ಆಣೆ ತೀರುತ್ತದೆ. ಆಗ ಮಾತಾಡುತ್ತೇನೆ. ಏನು ಮಾತಾಡುತ್ತೇನೆ ಅಂತ ಈಗಲೇ ಕೇಳಬೇಡಿ, ಭಾಳ ದಿನದ್ದು ಕೂಡಿದೆ.

ರೊಟ್ಟಿ ಬುಟ್ಟಿಯಲ್ಲಿವೆ. ಸಾರು ಒಲೆಯ ಮೇಲಿದೆ. ಉಪ್ಪು ಕಮ್ಮಿ ಅನ್ನಿಸಿದರೆ ಚೀಟಿಯಲ್ಲಿ ಬರೆದು ತಿಳಿಸಿ. ಕಮ್ಮಿ ಕಂಡದ್ದನ್ನು ನೀವೇ ತುಂಬಿಸಲು ಹೋಗಬೇಡಿ.

ಸಂಗಮ್ಮ